ಎಣ್ಣೆಯ ಒತ್ತಡದ ಗೇಜು ತಪ್ಪು ತೋರಿಸಿದಾಗ ಮಾಡತಕ್ಕ ತಪಾಸಣೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳ ಭೂಮಾಲಿಕರಲ್ಲಿ ಎತ್ತಿನ ಜೋಡಿಯ ಸಂಗಡ, ಅಥವಾ ಅದರ ಬದಲಾಗಿ, ಟ್ರ್ಯಾಕ್ಟರು, ಜೀಪು, ಕಾರುಗಳನ್ನು ಇಟ್ಟುಕೊಂಡವರು ಈಗ ಅನೇಕರಿರುವರು. ಎತ್ತಿಗೆ ಬೇನೆಯಾದರೆ ಅದು ಮೇವು ಬಿಡುವದರಿಂದಲೂ, ಮೂಗು ಒಣಗುವದರಿಂದಲೂ ಒಕ್ಕಲಿಗನಿಗೆ ಕೂಡಲೆ ತಿಳಿದುಬರುವದು. ಇಂಜನ್ನಿಗೆ ಅಂಥ ಹೊರಗಿನ ಲಕ್ಷಣಗಳು ಕಡಿಮೆ. ಅದರ ಒಳಗಿನ ಸ್ಥಿತಿಯನ್ನು ಹೊರಗೆ ತಿಳಿಸತಕ್ಕ ಸಾಧನಗಳಲ್ಲಿ ಚಾಲಕನ ಮುಂದಿರುವ ಎಣ್ಣೆ-ಒತ್ತಡದ ಗೇಜು ಮುಖ್ಯವಾದದ್ದು. ಈ ಗೇಜೇ ಒಮ್ಮೊಮ್ಮೆ ಸುಳ್ಳು ಹೇಳುವದುಂಟು. ಸುಳ್ಳನ್ನು ನಿಜದಿಂದ ಬೇರ್ಪಡಿಸುವ ಬಗೆಯನ್ನು ಮಾಲಿಕರು ತಾವೇ ತಿಳಿದಿರುವದು ಅವಶ್ಯವಾದ್ದರಿಂದ ಈ ಲೇಖವನ್ನು ಬರೆಯಲಾಗಿದೆ.

ಗೇಜಿನ ಮುಳ್ಳು ಇಳಿದಾಗ ಎರಡು ಬಗೆಯ ತಪ್ಪುಗಳು ಘಟಿಸುವವು. 'ಗೇಜು ಕೆಟ್ಟಿದೆ, ಇಂಜನ್ನಿಗೇನೂ ಆಗಿಲ್ಲ' ಎಂದು ಸಮಾಧಾನ ಹೇಳಿಕೊಂಡು ಗಾಡಿಯನ್ನು ನಡೆಸುತ್ತ ಹೋಗುವದು ಒಂದು. 'ಬೇರಿಂಗು ಹೋಗಿವೆ' ಎಂಬ ಮಾತನ್ನು ಪರೀಕ್ಷೆಯಿಲ್ಲದೆ ನಂಬಿ, ಸರಿಯಾಗಿರುವ ಇಂಜನ್ನನ್ನು ಬಿಚ್ಚಿಸುವದು ಇನ್ನೊಂದು. ಮೊದಲನೆಯದರಿಂದ ಇಂಜನ್ನು ಜಾಮಾಗುವದು. ಎರಡನೆಯದರಿಂದ ಹತ್ತಾರು ಸಾವಿರ ರೂಪಾಯಿ ಖರ್ಚಾಗಿ, ಇಂಜನ್ನನ್ನು ತಿರುಗಿ ಕಟ್ಟಿದ ಮೇಲೆಯೂ ಮುಳ್ಳು ಮೊದಲಿದ್ದಲ್ಲಿಯೇ ನಿಲ್ಲುವದು. ಇದೆಲ್ಲ ಬಿತ್ತಿಗೆಯ ವಾರದಲ್ಲಿ ನಡೆದರೆ ಹದ ತಪ್ಪಿದ ಹೊಲದ ಹಾನಿಯನ್ನೂ ಇದಕ್ಕೆ ಕೂಡಿಸಬೇಕು. ಊರಿನ ಪಂಚರು ಒಬ್ಬನೇ ಸಾಕ್ಷಿಯ ಮಾತಿನ ಮೇಲೆ ತೀರ್ಪು ಕೊಡುವದಿಲ್ಲ. ಗೇಜು ಕೂಡ ಒಬ್ಬ ಸಾಕ್ಷಿಯಷ್ಟೆ. ಅದರ ಮಾತಿಗೆ ಇನ್ನೊಂದು ಆಧಾರ ಸಿಕ್ಕ ಹೊರತು ಇಂಜನ್ನನ್ನು ಬಿಚ್ಚಲೂ ಬಾರದು, ನಡೆಸಲೂ ಬಾರದು.

ಒತ್ತಡವೆಂದರೇನು :— ಇಂಜನ್ನಿನ ತಳದಲ್ಲಿರುವ ಚೇಂಬರಿನಲ್ಲಿ ಎಣ್ಣೆ ನಿಂತಿರುವದು. ಅಲ್ಲಿಂದ ಅದನ್ನು ಒಂದು ಸಣ್ಣ ಪಂಪು ಜಾಳಿಗೆಯ ಮೂಲಕ ಎಳೆದುಕೊಂಡು, ಫಿಲ್ಟರಿನೊಳಗಿಂದ ದಾಟಿಸಿ, ಕ್ರ್ಯಾಂಕಿನ ಬೇರಿಂಗುಗಳಿಗೂ ಮೇಲಿನ ವಾಲ್ವುಗಳ ಭಾಗಕ್ಕೂ ಒಯ್ಯುವದು. ಕ್ರ್ಯಾಂಕಿಗೂ ಬೇರಿಂಗಿಗೂ ನಡುವಿನ ಸಂದು ಮಿಲಿಮೀಟರಿನ ನೂರನೆಯ ಭಾಗದ ಕೆಲವು ಪಾಲಿನಷ್ಟೇ ಇರುವದು. ಆ ಸಂದಿನಲ್ಲಿ ತುಂಬಿಕೊಂಡ ಎಣ್ಣೆಯ ತೆಳುವಾದ ಪದರದ ಮೇಲೆ ಕ್ರ್ಯಾಂಕು ತೇಲುತ್ತ ತಿರುಗುವದು. ಬಾವಿಯ ಪಂಪು ನಡೆದಿರುವಾಗ ಪೈಪಿನ ತುದಿಯನ್ನು ಬೆರಳಿನಿಂದ ಅರ್ಧ ಮುಚ್ಚಿದರೆ ನೀರು ಒತ್ತಿಕೊಂಡು ದೂರ ಚಿಮ್ಮುವದು, ಬೆರಳು ತೆಗೆದರೆ ಅಲ್ಲಿಯೇ ಬೀಳುವದು. ಅದರಂತೆ ಸಂದುಗಳು ಕಿರಿದಾಗಿದ್ದಷ್ಟು ಒತ್ತಡ ಹೆಚ್ಚು, ಸವೆದು ಅಗಲವಾದಷ್ಟು ಕಡಿಮೆ. ಒತ್ತಡ ಅತಿಯಾಗದಂತೆ ಒಂದು ಸ್ಪ್ರಿಂಗಿನ ವಾಲ್ವು ಹೆಚ್ಚಿನ ಎಣ್ಣೆಯನ್ನು ತಿರುಗಿ ಚೇಂಬರಿಗೆ ಬಿಟ್ಟುಕೊಡುವದು.

ಇದರಿಂದ ವಾಚಕರು ತಿಳಿಯತಕ್ಕದ್ದೇನಂದರೆ, ಈ ಗೇಜು ಚೇಂಬರಿನಲ್ಲಿ ಎಣ್ಣೆ ಎಷ್ಟಿದೆ ಎಂಬದನ್ನು ತೋರಿಸುವದಿಲ್ಲ. ಅರ್ಧ ಎಣ್ಣೆಯಿದ್ದರೂ ಪಂಪಿನ ಬಾಯಿ ಮುಳುಗಿರುವ ವರೆಗೆ ಮುಳ್ಳು ನೆಟ್ಟಗೆ ನಿಂತೀತು. ಎಣ್ಣೆಯ ಪ್ರಮಾಣವನ್ನು ತಿಳಿಯುವದಕ್ಕೆ ಅಳತೆಯ ಕಡ್ಡಿಯೊಂದೇ ಸಾಧನ.

ಅನೇಕರು ದೋಷವೆಂದು ಭಾವಿಸುವ ಕೆಲವು ಸಂಗತಿಗಳು ದೋಷಗಳೇ ಅಲ್ಲ. ಬೆಳಗಿನ ತಂಪಿನಲ್ಲಿ ಎಣ್ಣೆ ಗಟ್ಟಿಯಾಗಿರುವದರಿಂದ ಮುಳ್ಳು ಮೇಲೇರುವದು. ಇಂಜನ್ನು ಕಾದ ಮೇಲೆ ಇಳಿಯುವದು. ಸವಣೂರಿನ ಎರೆಹೊಲದಲ್ಲಿ ಮಧ್ಯಾಹ್ನದ ವರೆಗೆ ರಂಟೆ ಹೊಡೆದ ಟ್ರ್ಯಾಕ್ಟರಿನ ಮುಳ್ಳು ಮುಂಜಾನೆಯ ಸ್ಥಳದಲ್ಲಿ ನಿಲ್ಲಬೇಕೆಂದು ಬಯಸುವದು ಸರಿಯಲ್ಲ. ಇಂಜನ್ನು ನಿಧಾನವಾಗಿ ತಿರುಗುವಾಗ ಒತ್ತಡ ಕಡಿಮೆ, ವೇಗ ಹೆಚ್ಚಿದಂತೆ ಹೆಚ್ಚು. ಎಣ್ಣೆ ಮತ್ತು ಫಿಲ್ಟರು ಬದಲಿಸಿದ ತರುವಾಯ ಮೊದಲ ಸಲ ಚಾಲೂ ಮಾಡಿದಾಗ, ಬರಿದಾದ ಫಿಲ್ಟರು ತುಂಬುವ ವರೆಗೆ, ಕೆಲವು ಕ್ಷಣ ಮುಳ್ಳು ಏಳದೆ ಇರುವದು. ಆ ಹೊತ್ತಿನಲ್ಲಿ ಇಂಜನ್ನಿಗೆ ವೇಗ ಕೊಡಬಾರದು.

ಮುಳ್ಳು ಏಕಾಏಕಿ ಬಿದ್ದಾಗ :— ನಡೆಯುತ್ತಿರುವ ಗಾಡಿಯಲ್ಲಿ ಮುಳ್ಳು ಸೊನ್ನೆಗೆ ಬಿದ್ದರೆ, ಅಥವಾ ಕೆಂಪು ದೀಪ ಹತ್ತಿದರೆ, ಮೊದಲು ಇಂಜನ್ನನ್ನು ನಿಲ್ಲಿಸತಕ್ಕದ್ದು. ವಿಚಾರವೆಲ್ಲ ಅನಂತರ. ಎಣ್ಣೆಯಿಲ್ಲದೆ ತಿರುಗುವ ಬೇರಿಂಗು ಸುಟ್ಟುಹೋಗುವದಕ್ಕೆ ಒಂದೆರಡು ನಿಮಿಷ ಸಾಕು. ಹೆದ್ದಾರಿಯಲ್ಲಿ ಬಂಕಾಪುರದ ಬಳಿ ಹೀಗಾದರೆ 'ಹಾವೇರಿ ಇಲ್ಲೇ ಇದೆ, ಗ್ಯಾರೇಜಿನ ವರೆಗೆ ಹೋಗಿಬಿಡೋಣ' ಎಂಬುವರುಂಟು. ಇಂಜನ್ನಿಗೆ ಆ ಮಾತಿನಷ್ಟು ಹಾನಿಕರವಾದದ್ದು ಬೇರೆ ಇಲ್ಲ. ಗಾಡಿಯನ್ನು ಮಟ್ಟಸವಾದ ಸ್ಥಳದಲ್ಲಿ ನಿಲ್ಲಿಸಿ, ಹತ್ತು ನಿಮಿಷ ಕಾದು, ಅಳತೆಯ ಕಡ್ಡಿಯನ್ನು ಒರಸಿ ನೋಡಬೇಕು. ಕೆಳಗೆ ಎಣ್ಣೆ ಸೋರಿದೆಯೋ, ಫಿಲ್ಟರಿನ ಸುತ್ತು ಹಸಿಯಾಗಿದೆಯೋ ನೋಡಬೇಕು. ಎಣ್ಣೆ ಕಡಿಮೆಯಿದ್ದರೆ ಹಾಕಿ, ಸೋರಿಕೆಯಿಲ್ಲವೆಂದು ಖಚಿತವಾದ ಮೇಲೆಯೇ ಚಾಲೂ ಮಾಡಿ, ಹತ್ತು ಸೆಕೆಂಡಿನೊಳಗೆ ಮುಳ್ಳು ಏಳದಿದ್ದರೆ ಇಲ್ಲವೆ ಒಳಗೆ ಕಟಕಟ ಸಪ್ಪಳ ಕೇಳಿದರೆ ಕೂಡಲೆ ನಿಲ್ಲಿಸಬೇಕು. ಸಪ್ಪಳವಿದ್ದಲ್ಲಿ ಗೇಜಿನ ತಪಾಸಣೆಗೆ ಅವಕಾಶವೇ ಇಲ್ಲ. ಗಾಡಿಯನ್ನು ಎಳೆಯಿಸಿಕೊಂಡೇ ಹೋಗತಕ್ಕದ್ದು.

ಎಣ್ಣೆ ಸರಿಯಾಗಿದ್ದು, ಸಪ್ಪಳವಿಲ್ಲದೆ, ಮುಳ್ಳು ಮಾತ್ರ ಅಡ್ಡಾದಿಡ್ಡಿಯಾಗಿ ನಡೆಯುತ್ತಿದ್ದರೆ ಗೇಜಿನ ಮೇಲೆ ಸಂಶಯ ತಾಳುವದು ಯೋಗ್ಯ. ಆಗ ಗೇಜು ಯಾವ ಜಾತಿಯದೆಂಬದನ್ನು ಮೊದಲು ಗೊತ್ತು ಮಾಡಿಕೊಳ್ಳಬೇಕು.

ಹಳೆಯ ಟ್ರ್ಯಾಕ್ಟರು ಮತ್ತು ಜೀಪುಗಳಲ್ಲಿ ಇಂಜನ್ನಿನಿಂದ ಗೇಜಿನ ವರೆಗೆ ತಾಮ್ರದ ಇಲ್ಲವೆ ನಾಯಲಾನಿನ ಸಣ್ಣ ನಳಿಗೆ ಬಂದಿರುವದು. ಅದರೊಳಗೆ ಎಣ್ಣೆಯೇ ಗೇಜಿನ ತನಕ ಬರುವದು. ಗೇಜಿನೊಳಗೆ ಹುಣಸೆಕಾಯಿಯಂತೆ ಬಾಗಿದ, ಚಪ್ಪಟೆಯಾದ ಒಂದು ಲೋಹದ ಕೊಳವೆಯಿದ್ದು, ಒತ್ತಡ ಬಿದ್ದಂತೆ ಅದು ನೆಟ್ಟಗಾಗಲು ಹವಣಿಸಿ ಮುಳ್ಳನ್ನು ತಿರುಗಿಸುವದು. ಯೂಜೀನ್ ಬೂರ್ದೋನ್ ಎಂಬ ಫ್ರೆಂಚ್ ಯಂತ್ರಜ್ಞನು ೧೮೪೯ ರಲ್ಲಿ ಇದಕ್ಕೆ ಪೇಟೆಂಟು ಪಡೆದನು; ಇಂದಿಗೂ ಅದರ ರಚನೆ ಹೆಚ್ಚು ಬದಲಾಗಿಲ್ಲ. ಎರಡನೆಯ ಜಾತಿಯ ಗೇಜು ವಿದ್ಯುತ್ತಿನದು. ಇದರಲ್ಲಿ ಇಂಜನ್ನಿನ ಮೈಗೆ ತಿರುಪಿದ ಸೆಂಡರು ಎಂಬ ಡಬ್ಬಿ ಇದ್ದು, ಅದರಿಂದ ತಂತಿ ಮಾತ್ರ ಗೇಜಿಗೆ ಬರುವದು. ಮೂರನೆಯದರಲ್ಲಿ ಗೇಜೇ ಇಲ್ಲ, ಕೆಂಪು ದೀಪವೊಂದೇ. ಒತ್ತಡ ಸುಮಾರು ೫ ರಿಂದ ೭ ಪೌಂಡಿಗಿಂತ ಕೆಳಗಿಳಿದಾಗ ಮಾತ್ರ ಈ ದೀಪ ಹತ್ತುವದರಿಂದ, ಅದು ಹತ್ತುವ ಹೊತ್ತಿಗೆ ಬಹಳ ಮಟ್ಟಿಗೆ ಅಪಾಯ ಬಂದೇ ಇರುವದು. (ಇಲ್ಲಿ ಪೌಂಡು ಎಂದರೆ ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂದು ತಿಳಿಯಬೇಕು. ಚದರ ಸೆಂಟಿಮೀಟರಿಗೆ ೧ ಕಿಲೋ ಎಂದರೆ ಸುಮಾರು ೧೪.೨ ಪೌಂಡು; ೧ ಬಾರ್ ಎಂದರೆ ಸುಮಾರು ೧೪.೫ ಪೌಂಡು.)

ಕೆಲವು ಕಾರುಗಳಲ್ಲಿ ಮುಳ್ಳು ಕಾಣುತ್ತಿದ್ದರೂ ಅದರ ಹಿಂದೆ ಇರುವದು ದೀಪದ ಸ್ವಿಚ್ಚೇ. ಒತ್ತಡ ಆ ಕನಿಷ್ಠ ಮಿತಿಗಿಂತ ಮೇಲಿದ್ದರೆ ಮುಳ್ಳು ನಡುವೆ ನಿಲ್ಲುವದು, ಕೆಳಗಿಳಿದರೆ ಸೊನ್ನೆಗೆ ಬೀಳುವದು. ಇಂಜನ್ನು ತಣ್ಣಗಿರಲಿ ಕಾದಿರಲಿ, ವೇಗ ಹೆಚ್ಚಿರಲಿ ಕಡಿಮೆಯಿರಲಿ, ಮುಳ್ಳು ಕದಲದೆ ಒಂದೇ ಕಡೆ ನಿಂತರೆ ಅದು ಈ ಬಗೆಯದೆಂದು ಸಂಶಯಪಡಬೇಕು. ಇಂಥ ಮುಳ್ಳಿಗೆ ದೀಪಕ್ಕಿಂತ ಹೆಚ್ಚಿನ ಬೆಲೆ ಕೊಡಬೇಕಾದದ್ದಿಲ್ಲ.

ವಿದ್ಯುತ್ತಿನ ಗೇಜಿನ ಪರೀಕ್ಷೆ :— ಹೆಚ್ಚಿನ ಸುಳ್ಳುಗಳು ಹುಟ್ಟುವದು ಈ ಜಾತಿಯಲ್ಲಿ. ಸೆಂಡರಿನ ಒಳಗೆ ಒತ್ತಡಕ್ಕೆ ಬಾಗುವ ತೆಳುವಾದ ಒಂದು ಪರದೆಯೂ, ಅದರೊಂದಿಗೆ ಸರಿದಾಡುವ ಒಂದು ಸಂಪರ್ಕವೂ ಇರುವವು. ಇಂಜನ್ನಿನ ಅಲುಗಾಟದಿಂದ ಈ ಸಂಪರ್ಕವು ತಾನು ಸದಾ ನಿಲ್ಲುವ ಸ್ಥಳದಲ್ಲಿಯೇ ತಿಕ್ಕಿ ತಿಕ್ಕಿ ಸವೆಯುವದು. ಆದುದರಿಂದಲೇ ಹಳೆಯ ಸೆಂಡರು ನಿಧಾನದ ಓಟದಲ್ಲಿ ಸರಿಯಾಗಿ ತೋರಿಸಿ, ದಿನದ ಕೆಲಸದ ವೇಗಕ್ಕೆ ಬಂದ ಕೂಡಲೆ ಮುಳ್ಳನ್ನು ಕುಣಿಸುವದು. ಎಣ್ಣೆಯ ಒತ್ತಡವು ಸಾಧಾರಣವಾಗಿ ಹೀಗೆ ಜಿಗಿಯುವದಿಲ್ಲ. ಏರಿಳಿತಕ್ಕೆ ಸ್ವಲ್ಪ ಹೊತ್ತು ಬೇಕು.

ಮೊದಲು ಇಂಜನ್ನು ನಿಂತಿರುವಾಗ ಕೀಲಿ ತಿರುವಿ ನೋಡಬೇಕು; ಮುಳ್ಳು ಸೊನ್ನೆಯಲ್ಲಿ ನಿಲ್ಲತಕ್ಕದ್ದು. ಇಂಜನ್ನು ನಿಂತಿರುವಾಗಲೂ ಒತ್ತಡ ತೋರಿಸುವ ಗೇಜನ್ನು ನಂಬುವ ಪ್ರಶ್ನೆಯೇ ಇಲ್ಲ. ಬಳಿಕ ಇಂಜನ್ನು ನಡೆದಿರುವಾಗ ಮುಂದಿನ ದೀಪಗಳನ್ನು ಹಚ್ಚಿ, ಹಾರ್ನು ಬಾರಿಸಿ ನೋಡಬೇಕು. ಆಗ ಮುಳ್ಳು ಕದಲಿದರೆ ದೋಷವು ವಿದ್ಯುತ್ತಿನದೇ. ದೀಪ ಹತ್ತಿದ ಸುದ್ದಿ ಎಣ್ಣೆಗೆ ತಿಳಿಯುವದಿಲ್ಲ. ಇಂಜನ್ನಿನಿಂದ ಚಾಸಿಗೆ ಕಟ್ಟಿದ ಅರ್ಥಿಂಗಿನ ಪಟ್ಟಿ ಹರಿದಿರುವದೇ, ಇಲ್ಲವೆ ಅದರ ಬೋಲ್ಟು ತುಕ್ಕು ಹಿಡಿದಿರುವದೇ ಇದಕ್ಕೆ ಬಹುಶಃ ಕಾರಣ. ಡೀಸೆಲ್ಲಿನ ಗೇಜು, ಶಾಖದ ಗೇಜು, ಎಣ್ಣೆಯ ಗೇಜು ಮೂರೂ ಕೂಡಿಯೇ ತಪ್ಪು ತೋರಿಸಹತ್ತಿದರೆ ಅವೆಲ್ಲಕ್ಕೂ ವಿದ್ಯುತ್ತು ಹಂಚುವ ಸ್ಥಳದಲ್ಲಿ ದೋಷ ಹುಡುಕಬೇಕು. ಹಳೆಯ ಹಲವು ಕಾರುಗಳಲ್ಲಿ ಇದಕ್ಕಾಗಿ ಸುಮಾರು ೧೦ ವೋಲ್ಟು ಕೊಡುವ ಸ್ಟೆಬಿಲೈಜರು ಎಂಬ ಸಣ್ಣ ಪೆಟ್ಟಿಗೆ ಇರುವದು.

ಇಷ್ಟರಿಂದ ತಿಳಿಯದಿದ್ದರೆ, ಇಂಜನ್ನು ನಿಲ್ಲಿಸಿ, ಕೀಲಿ ಮಾತ್ರ ತಿರುವಿಟ್ಟು, ಸೆಂಡರಿನ ಮೇಲಿನ ತಂತಿಯನ್ನು ಕಳಚಬೇಕು. ಮುಳ್ಳು ಒಂದು ತುದಿಗೆ ಹೋಗತಕ್ಕದ್ದು. ಆ ತಂತಿಯ ತುದಿಯನ್ನು ಇಂಜನ್ನಿನ ಬರಿಯ ಲೋಹಕ್ಕೆ ಒಂದೆರಡು ಕ್ಷಣ ಮಾತ್ರ ಮುಟ್ಟಿಸಿದರೆ ಮುಳ್ಳು ಇನ್ನೊಂದು ತುದಿಗೆ ಓಡತಕ್ಕದ್ದು. ಹೀಗಾದರೆ ಗೇಜೂ ತಂತಿಯೂ ಸರಿಯಾಗಿವೆ. ಸಂಶಯ ಉಳಿಯುವದು ಸೆಂಡರಿನ ಮೇಲೆ, ಇಲ್ಲವೆ ಒತ್ತಡದ ಮೇಲೆ. ಮುಳ್ಳು ಅಲುಗದಿದ್ದರೆ ತಂತಿಯೋ ಗೇಜೋ ಕೆಟ್ಟಿದೆ. ಸೆಂಡರಿಗೆ ಎರಡು ತಂತಿಗಳಿದ್ದರೆ ಪ್ರಾಯಶಃ ಒಂದು ಮುಳ್ಳಿಗೆ, ಇನ್ನೊಂದು ದೀಪಕ್ಕೆ. ಅವನ್ನು ಗುರುತಿಸಿಯೇ ಕಳಚಬೇಕು. ಮೂರು ತಂತಿಗಳ ಸೆನ್ಸರು ಮತ್ತು ಗಣಕಯಂತ್ರವುಳ್ಳ ಹೊಸ ಗಾಡಿಗಳಲ್ಲಿ ಈ ಮುಟ್ಟಿಸುವ ಪರೀಕ್ಷೆಯನ್ನು ಎಂದಿಗೂ ಮಾಡಬಾರದು.

ಇಲ್ಲೊಂದು ತೊಡಕುಂಟು. ಸೆಂಡರುಗಳಲ್ಲಿ ಎರಡು ಕುಲಗಳಿವೆ. ಒಂದರಲ್ಲಿ ಸೊನ್ನೆ ಒತ್ತಡಕ್ಕೆ ಸುಮಾರು ೧೦ ಓಮ್, ಪೂರ್ಣ ಒತ್ತಡಕ್ಕೆ ಸುಮಾರು ೧೮೦ ಓಮ್ ರೋಧವಿರುವದು. ಇನ್ನೊಂದರಲ್ಲಿ ತದ್ವಿರುದ್ಧವಾಗಿ ಸೊನ್ನೆಗೆ ಸುಮಾರು ೨೪೦, ಪೂರ್ಣಕ್ಕೆ ಸುಮಾರು ೩೩. ಮೊದಲನೆಯ ಕುಲದಲ್ಲಿ ತಂತಿ ಕಳಚಿದರೆ ಮುಳ್ಳು ಮೇಲಿನ ತುದಿಗೂ, ಎರಡನೆಯದರಲ್ಲಿ ಸೊನ್ನೆಗೂ ಹೋಗುವದು. ಒಂದು ಕುಲದ ಗೇಜಿಗೆ ಇನ್ನೊಂದು ಕುಲದ ಸೆಂಡರನ್ನು ಹಾಕಿದರೆ, ಎರಡೂ ಹೊಸವಿದ್ದರೂ, ಮುಳ್ಳು ಎಂದೂ ನಿಜ ಹೇಳಲಾರದು. ಅಂಗಡಿಯಲ್ಲಿ ತಿರುಪು ಹೊಂದಿತೆಂಬಷ್ಟರಿಂದಲೇ ಸೆಂಡರನ್ನು ಕೊಳ್ಳಬಾರದು. ಹಳೆಯದರ ಮೇಲಿನ ಅಂಕೆಯನ್ನು ಹೋಲಿಸಿ ತರಬೇಕು. ಅದನ್ನು ಕೂರಿಸುವಾಗ ನಳದ ಕೆಲಸದವರು ಸುತ್ತುವ ಬಿಳಿಯ ಟೇಪನ್ನು ಬಹಳವಾಗಿ ಸುತ್ತುವ ರೂಢಿಯಿದೆ. ಸೆಂಡರಿನ ಮೈಯೇ ಅದರ ಅರ್ಥಿಂಗಿನ ದಾರಿಯಾದ್ದರಿಂದ, ಟೇಪು ಆ ದಾರಿಯನ್ನು ಮುಚ್ಚಿ ಮುಳ್ಳನ್ನು ಕೆಡಿಸೀತು. ಬ್ಯಾಟರಿಯ ಋಣದ ತುದಿಯಿಂದ ಸೆಂಡರಿನ ಮೈಗೆ ಒಂದು ಬೇರೆ ತಂತಿ ಹಿಡಿದ ಕೂಡಲೆ ಮುಳ್ಳು ಸರಿಯಾದರೆ ದೋಷ ಅಲ್ಲಿಯೇ ಇದೆ.

ನಮ್ಮ ಸೀಮೆಯ ಕೆಲಸದಿಂದ ಹುಟ್ಟುವ ಕಾರಣಗಳೂ ಇವೆ. ಹಾನಗಲ್ಲ ತಾಲೂಕಿನಲ್ಲಿ ಕೇಜ್‌ವೀಲು ಹಾಕಿ ಕೆಸರು ಹೊಡೆದ ಟ್ರ್ಯಾಕ್ಟರಿನ ಸೆಂಡರಿನ ತಲೆಯ ಮೇಲೆ ಕೆಸರು ಕೂತು, ತಂತಿಯ ಕೊನೆ ಹಸಿರುಗಟ್ಟುವದು. ತೊಳೆಯುವಾಗ ನೀರನ್ನು ರಭಸದಿಂದ ಅಲ್ಲಿಗೇ ಹೊಡೆಯುವದರಿಂದ ಇನ್ನೂ ಕೆಡುವದು. ಹಿರೇಕೆರೂರಿನ ಕಡೆಗೆ ಗೋವಿನಜೋಳದ ರಾಶಿಯಲ್ಲಿ ಟ್ರ್ಯಾಕ್ಟರು ದಿನವಿಡೀ ಒಂದೇ ಕಡೆ ನಿಂತು ಯಂತ್ರ ತಿರುಗಿಸುವಾಗ ಹೊಟ್ಟು ರೇಡಿಯೇಟರಿಗೆ ಮೆತ್ತಿ ಎಣ್ಣೆ ಅತಿಯಾಗಿ ಕಾಯುವದು. ಆಗ ಮುಳ್ಳು ಇಳಿದರೆ ಅದು ಸುಳ್ಳಲ್ಲ, ರೇಡಿಯೇಟರನ್ನು ಸ್ವಚ್ಛ ಮಾಡಬೇಕೆಂಬ ಸೂಚನೆ. ಮಳೆಗಾಲದಲ್ಲಿ ಕೊಟ್ಟಿಗೆಯಲ್ಲಿ ನಿಂತ ಕಾರಿನ ತಂತಿಗಳನ್ನು ಇಲಿಗಳು ಕಡಿಯುವದಂತೂ ಎಲ್ಲರೂ ಬಲ್ಲದ್ದು. ಕಾಳಿನ ಚೀಲಗಳಿರುವ ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸುವವರು ಮೊದಲು ಈ ತಂತಿಯನ್ನೇ ನೋಡತಕ್ಕದ್ದು.

ನಳಿಗೆಯ ಗೇಜಿನಲ್ಲಿ ದೋಷಗಳು ಕಡಿಮೆ. ನಳಿಗೆ ಎಲ್ಲಿಯಾದರೂ ಮಡಿಚಿದ್ದರೆ, ಇಲ್ಲವೆ ಅದರ ಬಾಯಲ್ಲಿ ಕರಿಯ ಜಿಡ್ಡು ಕಟ್ಟಿದ್ದರೆ ಮುಳ್ಳು ಆಲಸ್ಯದಿಂದ ಏರಿ ಆಲಸ್ಯದಿಂದ ಇಳಿಯುವದು. ನಳಿಗೆಯನ್ನು ಕಳಚಿ ಸ್ವಚ್ಛ ಮಾಡಿದರೆ ಇದು ಹೋಗುವದು. ನಾಯಲಾನಿನ ನಳಿಗೆ ಬಿಸಿಯಾದ ಸೈಲೆನ್ಸರಿನ ಕೊಳವೆಗೆ ತಗಲದಂತೆ ನೋಡಿಕೊಳ್ಳಬೇಕು; ಅದು ಕರಗಿ ತೂತಾದರೆ ಕಾದ ಎಣ್ಣೆಯೆಲ್ಲ ಹೊರಗೆ ಬೀಳುವದು.

ಕಡೆಯ ಪರೀಕ್ಷೆ :— ಇಂಜನ್ನು ಬಿಚ್ಚಬೇಕೋ ಬೇಡವೋ ಎಂಬದನ್ನು ತೀರ್ಮಾನಿಸತಕ್ಕ ಪರೀಕ್ಷೆ ಒಂದೇ. ಸೆಂಡರನ್ನು ತೆಗೆದು, ಅದೇ ತೂತಿನಲ್ಲಿ ಸರಿಯೆಂದು ಗೊತ್ತಿರುವ ನಳಿಗೆಯ ಗೇಜನ್ನು ಕೂರಿಸಿ ನೋಡುವದು. ಇದನ್ನು ಗ್ಯಾರೇಜಿನವರು ಮಾಸ್ಟರ್ ಗೇಜು ಎನ್ನುವರು. ತಿರುಪಿನ ಅಳತೆ ಹೊಂದದಿದ್ದರೆ ಬಲಾತ್ಕಾರದಿಂದ ತಿರುಗಿಸಬಾರದು. ಇಂಜನ್ನು ನಡೆದಿರುವಾಗ ಸೆಂಡರಿಗೆ ಪಾನಾ ಹಚ್ಚಕೂಡದು. ಕಾದ ಎಣ್ಣೆ ಮುಖಕ್ಕೆ ಹಾರುವದು. ಧೋತರದ ಚುಂಗು, ಹೆಗಲ ಮೇಲಿನ ವಲ್ಲಿ ಫ್ಯಾನಿನ ಬೆಲ್ಟಿಗೆ ಸಿಕ್ಕದಂತೆ ಕಟ್ಟಿಕೊಂಡೇ ಹತ್ತಿರ ಹೋಗಬೇಕು. ಇಂಜನ್ನು ಚೆನ್ನಾಗಿ ಕಾದ ಮೇಲೆ ನಿಧಾನದ ಓಟದಲ್ಲಿ ಒಮ್ಮೆ, ನಿಮಿಷಕ್ಕೆ ೨೦೦೦ ಸುತ್ತಿನ ಸುಮಾರಿಗೆ ಒಮ್ಮೆ ಒತ್ತಡವನ್ನು ಓದಿ, ಗಾಡಿಯ ಕೈಪಿಡಿಯಲ್ಲಿ ಕೊಟ್ಟ ಅಂಕೆಗಳೊಡನೆ ಹೋಲಿಸತಕ್ಕದ್ದು. ಕೈಪಿಡಿ ಸಿಗದಿದ್ದರೆ, ಕಾದ ಇಂಜನ್ನಿನಲ್ಲಿ ಪ್ರತಿ ೧೦೦೦ ಸುತ್ತಿಗೆ ಸುಮಾರು ೧೦ ಪೌಂಡು ಇರಬೇಕೆಂಬ ಸ್ಥೂಲ ಲೆಕ್ಕ ಮಿಸ್ತ್ರಿಗಳಲ್ಲಿ ರೂಢಿಯಲ್ಲಿದೆ. ಆ ಮೇರೆಗೆ ೨೦೦೦ ಸುತ್ತಿಗೆ ೨೦ ಪೌಂಡಿಗಿಂತ ಕಡಿಮೆ ಬಂದರೆ ಎಚ್ಚರಗೊಳ್ಳಬೇಕು.

ಇಂಥ ಗೇಜನ್ನು ಒಬ್ಬೊಬ್ಬರೇ ಕೊಳ್ಳುವ ಅಗತ್ಯವಿಲ್ಲ. ೧೯೦೫ ರಷ್ಟು ಹಿಂದೆಯೇ ಗದಗಿನ ಬಳಿ ಕಣಗಿನಹಾಳದಲ್ಲಿ ಪತ್ತಿನ ಸಹಕಾರಿ ಸಂಘ ಕಟ್ಟಿದ ಸೀಮೆ ನಮ್ಮದು. ಊರಿನ ಸಂಘದಲ್ಲಿ ಒಂದು ಮಾಸ್ಟರ್ ಗೇಜನ್ನೂ ಅದಕ್ಕೆ ಬೇಕಾದ ನಾಲ್ಕಾರು ಅಳತೆಯ ಜೋಡಣೆಗಳನ್ನೂ ಇಟ್ಟರೆ ಇಡೀ ಊರಿನ ಗಾಡಿಗಳಿಗೆ ಸಾಕಾಗುವದು.

ಮಾಸ್ಟರ್ ಗೇಜು ಸರಿಯಾದ ಒತ್ತಡ ತೋರಿಸಿದರೆ ಕೆಲವು ನೂರು ರೂಪಾಯಿಯ ಸೆಂಡರನ್ನು ಬದಲಿಸಿ ಸುಮ್ಮನಾಗಬೇಕು. ಅದೂ ಕಡಿಮೆಯೇ ತೋರಿಸಿದರೆ ಸಾಕ್ಷಿ ನಿಜ ಹೇಳಿದಂತಾಯಿತು. ಆಗಲೂ ಬೇರಿಂಗಿಗೆ ಕೈಹಾಕುವ ಮೊದಲು ಅಗ್ಗದ ಕಾರಣಗಳನ್ನು ನೋಡಿ ಮುಗಿಸಬೇಕು. ಅಳತೆಯ ಕಡ್ಡಿಯ ಎಣ್ಣೆಯನ್ನು ಮೂಸಿ ನೋಡಿರಿ. ಡೀಸೆಲ್ಲಿನ ವಾಸನೆಯಿದ್ದು, ಎಣ್ಣೆಯ ಮಟ್ಟ ಹಾಕದೆಯೇ ಏರಿದ್ದರೆ ಪಂಪಿನಿಂದಲೋ ನಾಜಲಿನಿಂದಲೋ ಡೀಸೆಲ್ಲು ಒಳಗೆ ಇಳಿದು ಎಣ್ಣೆಯನ್ನು ನೀರಾಗಿಸಿದೆ. ಹಾಲಿನಂತೆ ಬೆಳ್ಳಗಾಗಿದ್ದರೆ ರೇಡಿಯೇಟರಿನ ನೀರು ಕೂಡಿದೆ. ಎಣ್ಣೆ ಕೈಪಿಡಿ ಹೇಳಿದ ದರ್ಜೆಯದೇ ಎಂಬದನ್ನು ಡಬ್ಬಿಯಿಂದ ತಿಳಿಯಬೇಕು. ಚೇಂಬರಿನ ಜಾಳಿಗೆಯಲ್ಲಿ ಜಿಡ್ಡು ಕಟ್ಟಿದ್ದರೆ, ಒತ್ತಡದ ವಾಲ್ವಿನಲ್ಲಿ ಕಸ ಸಿಕ್ಕಿ ಅದು ತೆರೆದೇ ಉಳಿದಿದ್ದರೆ, ಇಲ್ಲವೆ ಅದರ ಸ್ಪ್ರಿಂಗು ಸಡಿಲಾಗಿದ್ದರೆ ಒತ್ತಡ ಏಳುವದಿಲ್ಲ. ಏರಿನಲ್ಲಿ, ತಿರುವಿನಲ್ಲಿ, ಬದುವಿನ ಮೇಲೆ ವಾಲಿದಾಗ ಮಾತ್ರ ಮುಳ್ಳು ಬೀಳುತ್ತಿದ್ದರೆ ಎಣ್ಣೆ ಕಡಿಮೆಯಾಗಿ ಪಂಪಿನ ಬಾಯಿ ಗಾಳಿ ಹೀರುತ್ತಿದೆ. ಇವೆಲ್ಲ ಕಳೆದ ಮೇಲೆ ಪಂಪಿನ ಹಲ್ಲುಗಳು, ಕಡೆಗೆ ಬೇರಿಂಗುಗಳು.

ಮುಳ್ಳು ಮೇಲೇಳಲೆಂದು ಹೆಚ್ಚು ಗಟ್ಟಿಯಾದ ಎಣ್ಣೆಯನ್ನೋ, ಗೇರಿನ ಎಣ್ಣೆಯನ್ನೋ ಬೆರೆಸುವ ಉಪಾಯವು ಬಹಳ ಕಡೆ ನಡೆದಿದೆ. ಮುಳ್ಳೇನೋ ಏಳುವದು, ಆದರೆ ತಣ್ಣಗಿರುವ ಇಂಜನ್ನಿನಲ್ಲಿ ಆ ಎಣ್ಣೆ ಮೇಲಿನ ವಾಲ್ವುಗಳಿಗೆ ಮುಟ್ಟುವದಕ್ಕೆ ತಡವಾಗಿ ಸವೆತ ಇನ್ನೂ ಹೆಚ್ಚುವದು. ಮಾರುವವರು ಇದನ್ನೇ ಮಾಡಿ ಹಳೆಯ ಟ್ರ್ಯಾಕ್ಟರನ್ನು ತೋರಿಸುವದುಂಟು. ಆದ್ದರಿಂದ ಹಳೆಯ ಗಾಡಿ ಕೊಳ್ಳುವವರು ತಣ್ಣಗಿರುವಾಗಿನ ಮುಳ್ಳನ್ನು ನೋಡಿ ಮೆಚ್ಚದೆ, ಒಂದು ತಾಸು ಹೊಲದಲ್ಲಿ ದುಡಿಸಿ, ಕಾದ ಮೇಲೆ ಓದಬೇಕು. ಕೆಂಪು ದೀಪ ಹತ್ತುವದೆಂದು ಅದರ ಬಲ್ಬನ್ನೇ ತೆಗೆದುಹಾಕುವವರೂ ಇದ್ದಾರೆ. ಇಂಜನ್ನು ಚಾಲೂ ಆಗುವ ಮೊದಲು ಕೀಲಿ ತಿರುವಿದಾಗ ಆ ದೀಪ ಹತ್ತಲೇಬೇಕು. ಹತ್ತದಿದ್ದರೆ ಬಲ್ಬು ಇಲ್ಲವೆಂದೋ, ಸುಟ್ಟಿದೆಯೆಂದೋ, ತಂತಿ ಹರಿದಿದೆಯೆಂದೋ ತಿಳಿಯಬೇಕು.

ಇಂಜನ್ನು ಸರಿಯಾಗಿರುವ ಒಂದು ದಿನ, ತಣ್ಣಗಿರುವಾಗ, ಕಾದು ನಿಧಾನವಾಗಿ ತಿರುಗುವಾಗ, ಕಾದು ಕೆಲಸದ ವೇಗದಲ್ಲಿರುವಾಗ ಮುಳ್ಳು ಎಲ್ಲೆಲ್ಲಿ ನಿಲ್ಲುವದೆಂಬದನ್ನು ಮಾಲಿಕರು ಎಣ್ಣೆ ಬದಲಿಸಿದ ತಾರೀಖಿನೊಂದಿಗೆ ಒಂದು ವಹಿಯಲ್ಲಿ ಬರೆದಿಡತಕ್ಕದ್ದು. ಕೂಲಿಯ ಚಾಲಕರು ಬದಲಾಗುತ್ತಿರುವ ಮನೆಗಳಲ್ಲಿ, ಮತ್ತು ಬಾಡಿಗೆಗೆ ಹೋಗುವ ಟ್ರ್ಯಾಕ್ಟರುಗಳಲ್ಲಿ, ಗೇಜಿನ ಗಾಜಿನ ಮೇಲೆ ಕೆಲಸದ ವೇಗದ ಸ್ಥಾನಕ್ಕೆ ಒಂದು ಸಣ್ಣ ಬಣ್ಣದ ಗೆರೆ ಎಳೆದು, ಮುಳ್ಳು ಆ ಗೆರೆಗಿಂತ ಬಹಳ ಕೆಳಗೆ ನಿಂತ ದಿನ ಗಾಡಿಯನ್ನು ನಿಲ್ಲಿಸಿ ಮನೆಗೆ ತಿಳಿಸಬೇಕೆಂದು ಚಾಲಕನಿಗೆ ಮೊದಲೇ ತಾಕೀತು ಮಾಡಿಡಬೇಕು.